ಮಲ್ಲೇಶ್ವರದ ಮನೆ: ವಾಸಕ್ಕೋ, ಲಾಭಕ್ಕೋ?

ಮಲ್ಲೇಶ್ವರದಲ್ಲಿ ಒಂದು ಮನೆ ಮಾಡಬೇಕೆಂಬುದು ಬೆಂಗಳೂರಿನ ಮಧ್ಯಮ ವರ್ಗದ ಸಂಸಾರಗಳಿಗೆ ಬಹುಕಾಲದ ಆಸೆ. ಹಿಂದಿನವರು ಆ ಆಸೆಯನ್ನು ಒಂದೇ ಮಾತಿನಲ್ಲಿ ಹೇಳಿಕೊಳ್ಳುತ್ತಿದ್ದರು. ಮನೆಯೆಂದರೆ ಅವರಿಗೆ ವಾಸ. ಇಂದಿನವರು ಅದನ್ನು ಎರಡು ಮಾತಾಗಿ ಹೇಳುತ್ತಾರೆ: "ಇರುವುದಕ್ಕೂ ಆಯಿತು, ಹಣ ಹೂಡಿದಂತೆಯೂ ಆಯಿತು." ಕೇಳುವುದಕ್ಕೆ ಹಿತವಾದ ಮಾತೇ. ಆದರೆ ಒಂದೇ ಮನೆ ಈ ಎರಡು ಕೆಲಸಗಳನ್ನೂ ಸಮನಾಗಿ ಮಾಡಿಕೊಡುವುದು ಅಪರೂಪ. ಊರ ನಡುವಿನ ಹಳೆಯ ಬಡಾವಣೆಯಲ್ಲಂತೂ ಒಂದು ಲೆಕ್ಕಕ್ಕೆ ಒಳ್ಳೆಯದಾದುದು ಇನ್ನೊಂದು ಲೆಕ್ಕಕ್ಕೆ ನಷ್ಟವಾಗಿ ಕಾಣುವುದುಂಟು. ಎರಡು ಲೆಕ್ಕಗಳನ್ನೂ ಬೇರೆ ಬೇರೆ ಹಾಳೆಯಲ್ಲಿ ಬರೆದುಕೊಳ್ಳದೆ ಮುಂಗಡ ಕೊಟ್ಟು ಬಂದವರು ಆಮೇಲೆ ಎರಡರಲ್ಲಿಯೂ ಅತೃಪ್ತರಾಗಿರುವುದನ್ನು ಆ ಬೀದಿಗಳಲ್ಲಿ ಕಾಣಬಹುದು.

ಬಡಾವಣೆಗೆ ಹೆಸರು ಕೊಟ್ಟ ಕಾಡುಮಲ್ಲೇಶ್ವರನ ಗುಡಿ ಹಳೆಯದು; ಶಿವಾಜಿಯ ಮಲಸಹೋದರನಾದ ವೆಂಕೋಜಿಯು ಆ ದೇವರಿಗೆ ಮೇದರನಿಂಗನಹಳ್ಳಿಯನ್ನು ದತ್ತಿಯಾಗಿ ಬಿಟ್ಟುದನ್ನು ಹೇಳುವ 1669ರ ಶಾಸನವಿದೆ. ಬಡಾವಣೆ ಮಾತ್ರ ಬಹಳ ಈಚಿನದು. ಪೇಟೆಯ ಇಕ್ಕಟ್ಟನ್ನು ಕಡಮೆ ಮಾಡಲೆಂದು 1890ರ ದಶಕದಲ್ಲಿ ದಕ್ಷಿಣಕ್ಕೆ ಬಸವನಗುಡಿಯನ್ನೂ ವಾಯವ್ಯಕ್ಕೆ ಮಲ್ಲೇಶ್ವರವನ್ನೂ ರೂಪಿಸಿದರು. 1898ರಲ್ಲಿ ಪ್ಲೇಗು ಬಂದು ಪೇಟೆಯ ಜನ ಕಂಗೆಟ್ಟು ಹೊರಬಿದ್ದಾಗ ಈ ಎರಡು ಬಡಾವಣೆಗಳ ಬೆಲೆ ಅವರಿಗೆ ತಿಳಿಯಿತು. ಅಗಲವಾದ ರಸ್ತೆ, ನೇರವಾದ ಅಡ್ಡರಸ್ತೆಗಳು, ಮನೆಯ ಸುತ್ತಲೂ ಗಾಳಿಯಾಡುವಷ್ಟು ಜಾಗ, ಎರಡು ಸಾಲು ಮನೆಗಳ ಬೆನ್ನಿಗೆ ಕನ್ಸರ್ವೆನ್ಸಿ ಗಲ್ಲಿ, ಇವೆಲ್ಲ ಆರೋಗ್ಯಕ್ಕಾಗಿ ಮಾಡಿದ ಏರ್ಪಾಡುಗಳು. ಇಂದು ಮಾರಾಟದ ಜಾಹೀರಾತುಗಳಲ್ಲಿ ಶೋಭೆಯೆಂದು ವರ್ಣಿತವಾಗುವ ಬಹುಭಾಗವು ರೋಗದ ಭಯದಿಂದ ಹುಟ್ಟಿದುದೆಂಬುದನ್ನು ದಲ್ಲಾಳಿಗಳು ಹೇಳುವುದಿಲ್ಲ; ಅವರಿಗೆ ತಿಳಿದಿರಬೇಕೆಂದೂ ಇಲ್ಲ.

ವಾಸದ ಲೆಕ್ಕವನ್ನು ಮೊದಲು ನೋಡಬಹುದು. ಈ ಹಾಳೆಯಲ್ಲಿ ಮಲ್ಲೇಶ್ವರಕ್ಕೆ ಎದುರಿಲ್ಲ. ಎಂಟನೆಯ ಅಡ್ಡರಸ್ತೆಗೆ ಚೀಲ ಹಿಡಿದು ನಡೆದು ಹೋದರೆ ಹೂವು, ಹಣ್ಣು, ತರಕಾರಿ, ಸೀರೆ, ಪಾತ್ರೆ, ಪೂಜಾಸಾಮಗ್ರಿ ಎಲ್ಲವೂ ಅರ್ಧ ಮೈಲಿಯೊಳಗೆ ದೊರೆಯುತ್ತವೆ. ಗೌರೀಹಬ್ಬದ ಹಿಂದಿನ ದಿನ ಅಲ್ಲಿ ನಡೆಯುವುದಕ್ಕೇ ಎಡೆಯಿರುವುದಿಲ್ಲವೆಂಬುದೂ ನಿಜ. ಬೆಣ್ಣೆದೋಸೆಗಾಗಿ ಭಾನುವಾರ ಬೆಳಗ್ಗೆ ದೂರದ ಊರಂಚಿನಿಂದ ಕಾರಿನಲ್ಲಿ ಬರುವವರು ಪಾದಚಾರಿಯಾದ ಸ್ಥಳೀಯರ ಹಿಂದೆ ಸಾಲು ನಿಲ್ಲಬೇಕು. 1882ರಲ್ಲಿ ಕಟ್ಟಿದ ಸ್ಯಾಂಕಿ ಕೆರೆಯ ದಂಡೆಯಲ್ಲಿ ಬೆಳಗಿನ ನಡಿಗೆ; ಶಾಲೆ, ಕಾಲೇಜು, ವೈದ್ಯರು, ಸಂಗೀತದ ಪಾಠ, ಎಲ್ಲವೂ ಕಾಲ್ನಡಿಗೆಯಲ್ಲಿ. ಸರ್ ಸಿ. ವಿ. ರಾಮನ್ ಅವರ "ಪಂಚವಟಿ" ಇರುವುದೂ ಇದೇ ಬಡಾವಣೆಯಲ್ಲಿ. 2014ರ ಮಾರ್ಚಿಯಲ್ಲಿ ಸಂಪಿಗೆ ರಸ್ತೆಗೆ ಮೆಟ್ರೋ ರೈಲು ಬಂದ ಮೇಲೆ, ಕಾರು ಇಟ್ಟುಕೊಳ್ಳದೆಯೂ ಊರಿನಲ್ಲಿ ಓಡಾಡಬಹುದೆಂಬ ಸೌಕರ್ಯವೊಂದು ಸೇರಿತು. 2024ರ ಬೇಸಗೆಯಲ್ಲಿ ಊರಂಚಿನ ದೊಡ್ಡ ಸಮುಚ್ಚಯಗಳು ಟ್ಯಾಂಕರಿನ ದಾರಿ ಕಾಯುತ್ತಿದ್ದಾಗ, ಬಹುಕಾಲದಿಂದ ಕಾವೇರಿ ನೀರಿನ ಕೊಳವೆಯಿದ್ದ ನಡು ಬಡಾವಣೆಗಳ ಪಾಡು ಒಟ್ಟಿನಲ್ಲಿ ಮೇಲಾಗಿತ್ತು. ಎಪ್ಪತ್ತು ದಾಟಿದ ತಂದೆತಾಯಿಗಳಿರುವ ಮನೆಗೆ ಇವೆಲ್ಲ ಸಣ್ಣ ಸಂಗತಿಗಳಲ್ಲ.

ಆದರೆ ಈ ಪಟ್ಟಿಯಲ್ಲಿರುವ ಯಾವ ವಸ್ತುವೂ ಕೊಳ್ಳುವವರ ಕ್ರಯಪತ್ರದಲ್ಲಿ ಬರುವುದಿಲ್ಲ. ಅಡುಗೆಮನೆಯ ಕಿಟಕಿಗೆ ಬೆಳಕು ಬರುವುದು ಪಕ್ಕದ ಮನೆ ಇನ್ನೂ ಒಂದೇ ಅಂತಸ್ತಿನಲ್ಲಿರುವುದರಿಂದ. ಮಧ್ಯಾಹ್ನ ತಂಪಾಗಿರುವುದು ಎದುರುಮನೆಯವರ ಮಾವಿನ ಮರದಿಂದ. ರಾತ್ರಿ ನಿದ್ರೆ ಬರುವುದು ಹಿಂಬದಿಯ ಮನೆಯನ್ನು ಇನ್ನೂ ಯಾರೂ ಅಂಗಡಿಯಾಗಿ ಮಾಡದಿರುವುದರಿಂದ. ಈ ಮೂರಕ್ಕೂ ಬೆಲೆ ಕೊಟ್ಟೇ ಮನೆ ಕೊಳ್ಳುತ್ತಾರೆ, ಆದರೆ ಮೂರೂ ಬೇರೆಯವರ ಸ್ವತ್ತು. ಆ ಬೇರೆಯವರೂ ತಮ್ಮ ನಿವೇಶನವನ್ನು ಹೂಡಿಕೆಯೆಂದು ನೋಡತೊಡಗಿದ ದಿನ ಬೆಳಕು, ನೆರಳು, ನಿದ್ರೆ ಒಂದೊಂದಾಗಿ ಹೋಗುತ್ತವೆ. ಆದುದರಿಂದ ವಾಸಕ್ಕೆಂದು ಕೊಳ್ಳುವವರು ತಾವು ನೋಡಲು ಹೋದ ಮನೆಗಿಂತ ಅದರ ನಾಲ್ಕೂ ಕಡೆಯ ಮನೆಗಳನ್ನು ಹೆಚ್ಚು ಹೊತ್ತು ನೋಡುವುದು ಲೇಸು. ಮಂಕಿ ಟಾಪ್ ಕಿಟಕಿಯ ಹಳೆಯ ಮನೆಯೊಂದು ಬೀಗ ಹಾಕಿಕೊಂಡು, ಅಂಗಳದಲ್ಲಿ ಹುಲ್ಲು ಬೆಳೆದು ನಿಂತಿದ್ದರೆ, ಅದು ಚಿತ್ರಕ್ಕೆ ಚೆನ್ನ. ಕೊಳ್ಳುವವರಿಗೆ ಅದೊಂದು ಸೂಚನೆ. ಎರಡು ಮೂರು ವರ್ಷಗಳೊಳಗೆ ಅಲ್ಲಿ ಕೊರೆಯುವ ಯಂತ್ರದ ಸದ್ದು ಕೇಳಿದರೆ ಆಶ್ಚರ್ಯಪಡಬೇಕಾಗಿಲ್ಲ.

ಇನ್ನು ಎರಡನೆಯ ಹಾಳೆ. ಅಡ್ಡರಸ್ತೆಯೊಂದರಲ್ಲಿ 4,000 ಚದರಡಿಯ ನಿವೇಶನ. ಹಳೆಯ ಮನೆಯನ್ನು ಕೆಡವಿ ಕೆಳಗೆ ಕಾರುಗಳಿಗೆ ಜಾಗ ಬಿಟ್ಟು ಮೂರು ಅಂತಸ್ತುಗಳಲ್ಲಿ 1,200 ಚದರಡಿಯ ಆರು ಮನೆಗಳನ್ನು ಕಟ್ಟುತ್ತಿದ್ದಾರೆಂದು ಇಟ್ಟುಕೊಳ್ಳಬಹುದು. ಲೆಕ್ಕದ ಅನುಕೂಲಕ್ಕಾಗಿ ಒಂದು ಮನೆಗೆ 1 ಕೋಟಿ 80 ಲಕ್ಷ ರೂಪಾಯಿ, ನೆಲಕ್ಕೆ ಚದರಡಿಗೆ 20,000 ರೂಪಾಯಿ ಎಂದು ಹಿಡಿದರೆ ಸಾಕು; ನಿಜವಾದ ದರ ರಸ್ತೆಯಿಂದ ರಸ್ತೆಗೆ ಬೇರೆ. ಕೊಳ್ಳುವವರಿಗೆ ಆ ಹಣಕ್ಕೆ ಸಿಗುವುದೇನು? ಕಟ್ಟಡದಲ್ಲಿ ಒಂದು ಮನೆ, ನೆಲದಲ್ಲಿ ಆರನೆಯ ಒಂದು ಅವಿಭಕ್ತ ಪಾಲು, ಅಂದರೆ ಸುಮಾರು 667 ಚದರಡಿ. ಆ ನೆಲದ ಬೆಲೆಯೇ 1 ಕೋಟಿ 33 ಲಕ್ಷ. ಉಳಿದ 47 ಲಕ್ಷ ಮಾತ್ರ ಗೋಡೆ, ನೆಲಹಾಸು, ಲಿಫ್ಟು, ಅಡುಗೆಮನೆಯ ಹೊಳಪು ಕಲ್ಲುಗಳಿಗೆ ಕೊಟ್ಟುದು. ಕಟ್ಟಡ ವರ್ಷದಿಂದ ವರ್ಷಕ್ಕೆ ಹಳೆಯದಾಗುತ್ತದೆ. ಬೆಲೆ ಏರುವುದಿದ್ದರೆ ನೆಲಕ್ಕೆ. ಮನೆ ನೋಡಲು ಹೋದವರು ಹೊಳಪು ಕಲ್ಲನ್ನು ಮುಟ್ಟಿ ನೋಡುತ್ತಾರೆ, ನಲ್ಲಿ ತಿರುಗಿಸಿ ನೋಡುತ್ತಾರೆ. ಅವಿಭಕ್ತ ಪಾಲು ಎಷ್ಟೆಂದು ಕೇಳುವುದನ್ನು ಮರೆತು ಬರುತ್ತಾರೆ.

ಮರೆವಿಗೆ ಬೆಲೆಯುಂಟು. ಕಟ್ಟುವವರು ಮಹಡಿಯ ಮೇಲೆ ನಕ್ಷೆಯಲ್ಲಿಲ್ಲದ ಏಳನೆಯ ಮನೆಯೊಂದನ್ನು ಏರಿಸಿದರೆಂದರೆ ಒಬ್ಬೊಬ್ಬರ ಪಾಲು 667ರಿಂದ 571 ಚದರಡಿಗೆ ಇಳಿಯುತ್ತದೆ. ಮೇಲಿನ ದರದಲ್ಲಿ ಅದು ಮನೆಗೆ ಸುಮಾರು 19 ಲಕ್ಷ ರೂಪಾಯಿಯ ನಷ್ಟ. ಗೋಡೆಯೊಂದೂ ಕದಲದೆ ಆದ ನಷ್ಟ. ಅದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ನಕ್ಷೆಯನ್ನು ಮೀರಿ ಕಟ್ಟಿದ ಕಟ್ಟಡಕ್ಕೆ ಸ್ವಾಧೀನ ಪತ್ರ ದೊರೆಯುವುದು ಕಷ್ಟ. ಆ ಪತ್ರವಿಲ್ಲದ ಕಟ್ಟಡಕ್ಕೆ ವಿದ್ಯುತ್ತು, ನೀರು, ಒಳಚರಂಡಿಯ ಸಂಪರ್ಕ ಕೊಡಬಾರದೆಂದು ಸರ್ವೋಚ್ಚ ನ್ಯಾಯಾಲಯವು 2024ರ ಡಿಸೆಂಬರ್ 17ರ ತೀರ್ಪಿನಲ್ಲಿ ನಿರ್ದೇಶಿಸಿದೆ. "ಆಮೇಲೆ ಸಕ್ರಮವಾಗುತ್ತದೆ, ಬಿಡಿ" ಎಂಬ ಮಾತನ್ನು ಬೆಂಗಳೂರಿನವರು ಬಹಳ ಕಾಲದಿಂದ ಕೇಳುತ್ತ ಬಂದಿದ್ದಾರೆ. ಆ ಮಾತಿನ ಮೇಲೆ ಸಾಲ ತೆಗೆಯುವುದು ಈಗ ಮೊದಲಿಗಿಂತ ಅಪಾಯದ ಕೆಲಸ.

ರೇರಾ ಕಾಯಿದೆ ಇದೆಯಲ್ಲ ಎಂದು ಕೆಲವರು ಧೈರ್ಯ ತಂದುಕೊಳ್ಳುವುದುಂಟು. 2016ರ ಆ ಕಾಯಿದೆ ಕೊಳ್ಳುವವರಿಗೆ ದೊಡ್ಡ ಬಲವೆಂಬುದರಲ್ಲಿ ಸಂದೇಹವಿಲ್ಲ. ಆದರೆ ನೆಲ 500 ಚದರ ಮೀಟರನ್ನು ಮೀರದಿದ್ದರೆ, ಅಥವಾ ಮನೆಗಳು ಎಂಟನ್ನು ಮೀರದಿದ್ದರೆ, ಅಂಥ ಯೋಜನೆಯನ್ನು ನೋಂದಾಯಿಸಬೇಕಾದ ಕಟ್ಟುಪಾಡಿಲ್ಲ. ಮೇಲೆ ಹೇಳಿದ 4,000 ಚದರಡಿಯೆಂದರೆ ಸುಮಾರು 372 ಚದರ ಮೀಟರು, ಮನೆಗಳು ಆರು. ಎರಡು ಬಗೆಯಿಂದಲೂ ಹೊರಗೆ. ಊರಂಚಿನ ನೂರಾರು ಮನೆಗಳ ಗೋಪುರವೊಂದಕ್ಕೆ ಸರಕಾರದ ಜಾಲತಾಣದಲ್ಲಿ ನಕ್ಷೆ, ಗಡುವು, ಹಣದ ಖಾತೆ ಎಲ್ಲ ನೋಡಲು ಸಿಗುತ್ತವೆ. ಮಲ್ಲೇಶ್ವರದ ಅಡ್ಡರಸ್ತೆಯ ಆರು ಮನೆಗಳಿಗೆ ಆ ರಕ್ಷಣೆ ಬಹುಮಟ್ಟಿಗೆ ಇಲ್ಲ. ಹಳೆಯ, ಗೌರವಸ್ಥ ಬಡಾವಣೆಯೆಂಬ ಭರವಸೆಯಿಂದ ಜನ ಇಲ್ಲಿಯೇ ಕಾಗದಪತ್ರಗಳನ್ನು ಕಡಮೆ ನೋಡುತ್ತಾರೆ. ನೋಡಬೇಕಾದುದು ಇಲ್ಲಿಯೇ ಹೆಚ್ಚು. ನಿವೇಶನದ ಮೂಲಪತ್ರ, ಋಣಭಾರ ಪತ್ರ, ಮಂಜೂರಾದ ನಕ್ಷೆ, ವಿಭಾಗಪತ್ರವಿದ್ದರೆ ಅದು, ಖಾತೆ, ಇವನ್ನು ಅನುಭವಸ್ಥ ವಕೀಲರ ಮುಂದಿಡದೆ ಮುಂಗಡ ಕೊಡಲಾಗದು. 2024ರ ಅಕ್ಟೋಬರಿನಿಂದ ಬೆಂಗಳೂರಿನಲ್ಲಿ ನೋಂದಣಿಗೆ ಇ-ಖಾತೆ ಬೇಕಾಗಿದೆ. ಬಿ.ಬಿ.ಎಂ.ಪಿ. ಹೋಗಿ 2025ರ ಸೆಪ್ಟೆಂಬರಿನಲ್ಲಿ ಐದು ನಗರಪಾಲಿಕೆಗಳು ಬಂದವಾದರೂ ಹಳೆಯ ಖಾತೆಯ ಹೆಸರುತಪ್ಪುಗಳು ತಾವಾಗಿ ತಿದ್ದಿಕೊಳ್ಳಲಿಲ್ಲ. ಅಜ್ಜನ ಹೆಸರಿನಲ್ಲಿಯೇ ಕಂದಾಯ ಕಟ್ಟುತ್ತಿರುವ ಮನೆಗಳು ಇನ್ನೂ ಉಂಟು.

ಬಾಡಿಗೆಯ ವಿಷಯಕ್ಕೆ ಬಂದರೆ ಲೆಕ್ಕ ಚಿಕ್ಕದು, ಅಷ್ಟೇನೂ ಸಂತೋಷದ್ದಲ್ಲ. ಅದೇ 1 ಕೋಟಿ 80 ಲಕ್ಷದ ಮನೆಗೆ ತಿಂಗಳಿಗೆ 45,000 ಬಾಡಿಗೆ ಬಂದರೆ ವರ್ಷಕ್ಕೆ 5 ಲಕ್ಷ 40 ಸಾವಿರ, ನೂರಕ್ಕೆ ಮೂರು. ಕಂದಾಯ, ನಿರ್ವಹಣೆ, ಸುಣ್ಣಬಣ್ಣ, ಬಾಡಿಗೆದಾರರು ಬದಲಾಗುವಾಗ ಖಾಲಿ ಬಿದ್ದ ತಿಂಗಳು ಇವನ್ನು ಕಳೆದರೆ ನಾಲ್ಕೂವರೆ ಲಕ್ಷ ಉಳಿದೀತು, ನೂರಕ್ಕೆ ಎರಡೂವರೆ. ಮನೆಸಾಲದ ಬಡ್ಡಿ ಇದರ ಎಷ್ಟೋ ಪಾಲು ಹೆಚ್ಚು. ಇನ್ನು ನೋಂದಣಿಯ ದಿನ ಕೊಡಬೇಕಾದುದು ಬೇರೆ. ಮುದ್ರಾಂಕ ಶುಲ್ಕ ನೂರಕ್ಕೆ 5, ಅದರ ಮೇಲಿನ ಉಪಕರಗಳು ಸೇರಿ 5.6; ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ನೂರಕ್ಕೆ 1 ಇದ್ದುದು 2 ಆಗಿದೆ. ಒಟ್ಟು 7.6ರಂತೆ 13 ಲಕ್ಷ 68 ಸಾವಿರ ರೂಪಾಯಿ. ಮೂರು ವರ್ಷಗಳ ನಿವ್ವಳ ಬಾಡಿಗೆ ಸರಕಾರಕ್ಕೆ ಮೊದಲ ದಿನವೇ ಸಂದಾಯವಾದಂತೆ! ಬಾಡಿಗೆಯ ಆದಾಯಕ್ಕಾಗಿ ಮಲ್ಲೇಶ್ವರದಲ್ಲಿ ಮನೆ ಕೊಳ್ಳುವವರು ಬ್ಯಾಂಕಿನ ಠೇವಣಿಯ ದರವನ್ನು ಒಮ್ಮೆ ವಿಚಾರಿಸಿಕೊಂಡು ಬಂದರೆ ಅರ್ಧ ಮಂದಿ ಅಲ್ಲಿಂದಲೇ ಮನೆಗೆ ಹಿಂದಿರುಗಿಯಾರು. ನೆಲದ ಬೆಲೆ ಏರುವುದರಲ್ಲಿ ಲಾಭವಿರಬಹುದು. ಆದರೆ ಅವಿಭಕ್ತ ಪಾಲಿನ ನೆಲವನ್ನು ಒಬ್ಬರೇ ಕತ್ತರಿಸಿ ಮಾರಲು ಬರುವುದಿಲ್ಲ. ಮೂವತ್ತು ವರ್ಷದ ಮೇಲೆ ಕಟ್ಟಡವನ್ನು ಕೆಡವಿ ಆ ನೆಲದ ಪೂರ್ತಿ ಬೆಲೆ ಪಡೆಯಬೇಕಾದರೆ ಆರು ಮನೆಯವರೂ ಒಮ್ಮನಸ್ಸಾಗಬೇಕು. ಮಹಡಿಯ ನೀರಿನ ತೊಟ್ಟಿಗೆ ಬಣ್ಣ ಹೊಡೆಸುವುದಕ್ಕೆ ಆರು ಮನೆಯವರು ಒಮ್ಮನಸ್ಸಾದುದನ್ನು ಕಂಡವರು ವಿರಳ.

ದುಡ್ಡಿನ ಜಾಣತನಕ್ಕೆ ಬೆಂಗಳೂರಿನವರು ಕಂಡುಕೊಂಡ ಇನ್ನೊಂದು ದಾರಿ ಭೋಗ್ಯ. ದೊಡ್ಡ ಮೊತ್ತವೊಂದನ್ನು ಮನೆಯೊಡೆಯರಿಗೆ ಕೊಟ್ಟು ಬಾಡಿಗೆಯಿಲ್ಲದೆ ಎರಡು ಮೂರು ವರ್ಷ ಇದ್ದು, ಬಿಡುವಾಗ ಹಣ ಹಿಂದಕ್ಕೆ ಪಡೆಯುವ ಏರ್ಪಾಡು. ಮನೆಯ ಮೇಲೆ ಮೊದಲೇ ಬ್ಯಾಂಕಿನ ಸಾಲವಿದ್ದು ಒಡೆಯರು ಕಂತು ನಿಲ್ಲಿಸಿದರೆ ಬಾಗಿಲಿಗೆ ಬರುವವರು ಬ್ಯಾಂಕಿನವರು; ಭೋಗ್ಯದವರ ಹಣಕ್ಕೆ ಹಿಡಿಯಲು ಕೈಯಿರುವುದಿಲ್ಲ. ಋಣಭಾರ ಪತ್ರ ತೆಗೆಸದೆ, ಕರಾರನ್ನು ನೋಂದಾಯಿಸದೆ ಭೋಗ್ಯಕ್ಕೆ ಹೋಗಬಾರದು. ಅದರ ಬಗ್ಗೆ ಇಷ್ಟು ಸಾಕು.

ಕೊಳ್ಳುವವರ ಮಾತು ಹೀಗಾಯಿತು. ಮೇಜಿನ ಆಚೆ ಕಡೆ ಕುಳಿತವರ ಮಾತನ್ನು ಪತ್ರಿಕೆಗಳು ಅಷ್ಟಾಗಿ ಎತ್ತುವುದಿಲ್ಲ. ಆ 4,000 ಚದರಡಿಯಲ್ಲಿ ಮೊದಲಿದ್ದ ಹಳೆಯ ಮನೆಯಲ್ಲಿ ಯಾರೋ ವಾಸವಾಗಿದ್ದರಷ್ಟೆ. ಇಂಥ ಮನೆಗಳಲ್ಲಿ ಸಾಮಾನ್ಯವಾಗಿ ಕಾಣಬರುವುದು ಒಬ್ಬ ವಿಧವೆ ತಾಯಿ. ಮನೆ ಪತಿ ಕಟ್ಟಿಸಿದ್ದು. ಅವರು ಮೃತ್ಯುಪತ್ರ ಬರೆದಿಡಲಿಲ್ಲ. ಮಗ ಅಮೆರಿಕದಲ್ಲಿ, ಹಿರಿಯ ಮಗಳು ಪುಣೆಯಲ್ಲಿ, ಕಿರಿಯ ಮಗಳು ಊರಿನಲ್ಲಿಯೇ ಇದ್ದರೂ ಯಲಹಂಕದಲ್ಲಿ. ಚಾವಣಿ ಸೋರುತ್ತಿದೆ, ಹೆಂಚು ಬದಲಿಸುವ ಕೆಲಸಗಾರರು ಸಿಗುವುದಿಲ್ಲ, ರಾತ್ರಿ ಒಬ್ಬರೇ ಇರುವುದು ಭಯ. ಆಗ ಜಂಟಿ ಅಭಿವೃದ್ಧಿಯ ಕರಾರು ಹಿಡಿದು ಕಟ್ಟುವವರು ಬರುತ್ತಾರೆ: "ನಿವೇಶನ ನಿಮ್ಮದು, ಖರ್ಚು ನಮ್ಮದು, ಆರರಲ್ಲಿ ಮೂರು ಮನೆ ನಿಮಗೆ."

ಮೂರು ಮನೆ, ಹಕ್ಕುದಾರರು ನಾಲ್ವರು. ಪತಿಯ ಸ್ವಯಾರ್ಜಿತ ಸ್ವತ್ತಿನಲ್ಲಿ ಹಿಂದೂ ಉತ್ತರಾಧಿಕಾರ ಕಾಯಿದೆಯಂತೆ ಪತ್ನಿಗೂ ಮೂವರು ಮಕ್ಕಳಿಗೂ ಸಮಪಾಲು, ಕಾಲು ಕಾಲು. ಅತ್ತೆ ಬದುಕಿದ್ದರೆ ಅವರಿಗೂ ಒಂದು ಪಾಲು. ಸ್ವತ್ತು ಪಿತ್ರಾರ್ಜಿತವಾಗಿದ್ದರೂ ಹೆಣ್ಣುಮಕ್ಕಳನ್ನು ಬದಿಗಿಡಲು ಬರುವುದಿಲ್ಲ. 2005ರ ತಿದ್ದುಪಡಿಯೂ, ಅದನ್ನು ವಿವರಿಸಿದ ಸರ್ವೋಚ್ಚ ನ್ಯಾಯಾಲಯದ 2020ರ ಆಗಸ್ಟ್ 11ರ ತೀರ್ಪೂ ಮಗಳಿಗೆ ಹುಟ್ಟಿನಿಂದಲೇ ಮಗನಷ್ಟೇ ಹಕ್ಕೆಂದು ಸ್ಪಷ್ಟಪಡಿಸಿವೆ. ಆದರೂ ಈ ಘಟ್ಟದಲ್ಲಿ ಹೆಣ್ಣುಮಕ್ಕಳ ಮುಂದೆ ಹಕ್ಕು ಬಿಡುಗಡೆ ಪತ್ರವೊಂದು ಬರುವುದುಂಟು: "ಬರಿಯ ಕಾಗದಕ್ಕಾಗಿ, ಸಹಿ ಹಾಕಿಬಿಡು; ಅಣ್ಣ ನೋಡಿಕೊಳ್ಳುತ್ತಾನೆ." ಅಣ್ಣ ನೋಡಿಕೊಳ್ಳಲೂಬಹುದು. ಬಿಡುಗಡೆ ಪತ್ರ ನೋಂದಣಿಯಾದ ಮೇಲೆ ಅದು ಬರಿಯ ಕಾಗದವಲ್ಲ. ಮೇಲಿನ ದರದಲ್ಲಿ ಅದು 1,000 ಚದರಡಿ ನೆಲ, 2 ಕೋಟಿ ರೂಪಾಯಿ. ತಿಳಿದೇ ಬಿಟ್ಟುಕೊಡುವ ಔದಾರ್ಯ ಬೇರೆ, ತಿಳಿಯದೆ ಸಹಿ ಹಾಕುವುದು ಬೇರೆ. ನಾಲ್ವರೂ ಒಟ್ಟಿಗೆ ಕುಳಿತು, ಮೂರು ಮನೆಗಳಲ್ಲಿ ಯಾವುದು ಯಾರಿಗೆ, ನಾಲ್ಕನೆಯವರಿಗೆ ಹಣವೆಷ್ಟು, ಅದನ್ನು ಯಾರು ಯಾವಾಗ ಕೊಡಬೇಕು ಎಂಬುದನ್ನು ಕಟ್ಟುವವರ ಕರಾರಿಗೆ ಮೊದಲೇ ಬರೆದುಕೊಂಡರೆ ಹಬ್ಬಕ್ಕೆ ಒಬ್ಬರ ಮನೆಗೊಬ್ಬರು ಹೋಗುವುದು ಉಳಿಯುತ್ತದೆ.

ತೆರಿಗೆಯಲ್ಲಿಯೂ ಒಂದು ಸಿಕ್ಕಿದೆ. 2017ರ ಹಣಕಾಸು ಕಾಯಿದೆ ಬಂದಂದಿನಿಂದ, ವ್ಯಕ್ತಿಗಳು ನೋಂದಾಯಿತ ಜಂಟಿ ಅಭಿವೃದ್ಧಿಗೆ ನೆಲ ಕೊಟ್ಟರೆ ಬಂಡವಾಳ ಲಾಭದ ತೆರಿಗೆ ಕರಾರಿನ ವರ್ಷದಲ್ಲಿ ಬೀಳದೆ ಕಟ್ಟಡ ಪೂರ್ಣಗೊಂಡ ಪ್ರಮಾಣಪತ್ರದ ವರ್ಷಕ್ಕೆ ಮುಂದೂಡಲ್ಪಡುತ್ತದೆ. ಒಳ್ಳೆಯದೇ, ಆದರೆ ಆ ವರ್ಷ ಕೈಗೆ ಬಂದಿರುವುದು ಮನೆಗಳು, ಕೇಳುವುದು ಹಣ. ಪ್ರಮಾಣಪತ್ರ ಬರುವುದಕ್ಕೆ ಮೊದಲೇ ತನ್ನ ಪಾಲನ್ನು ಮಾರಿದವರಿಗೆ ಈ ಸೌಲಭ್ಯವೂ ತಪ್ಪುತ್ತದೆ. 2001ಕ್ಕೆ ಹಿಂದಿನ ಸ್ವತ್ತಿಗೆ 2001ರ ಏಪ್ರಿಲ್ 1ರ ಬೆಲೆಯನ್ನು ಮೂಲಬೆಲೆಯಾಗಿ ಹಿಡಿಯಬಹುದು. 2024ರ ಜುಲೈ 23ಕ್ಕೆ ಮೊದಲು ಪಡೆದ ಸ್ವತ್ತನ್ನು ಮಾರುವ ನಿವಾಸಿಗಳು ಬೆಲೆ ಸೂಚ್ಯಂಕ ಬಿಟ್ಟು ನೂರಕ್ಕೆ 12.5, ಹಿಡಿದು ನೂರಕ್ಕೆ 20, ಇವೆರಡರಲ್ಲಿ ಕಡಮೆಯಾದುದನ್ನು ತೆರಬಹುದು. ಅಮೆರಿಕದಲ್ಲಿರುವ ಮಗ ಅನಿವಾಸಿಯಾದುದರಿಂದ ಈ ಆಯ್ಕೆ ಅವನಿಗಿಲ್ಲ. ಒಂದೇ ಮನೆಯ ನಾಲ್ಕು ಕಾಲುಗಳಿಗೆ ತೆರಿಗೆ ಒಂದೇ ಆಗಿರುವುದಿಲ್ಲವೆಂಬುದನ್ನು ಲೆಕ್ಕಪರಿಶೋಧಕರಿಂದ ಮೊದಲೇ ತಿಳಿದುಕೊಳ್ಳಬೇಕು.

ಇಷ್ಟೆಲ್ಲ ಲೆಕ್ಕ ನಡೆಯುವಾಗ ತಾಯಿ ಎಲ್ಲಿರುತ್ತಾರೆಂಬುದು ಕರಾರಿನ ಕಡೆಯ ಪುಟಗಳಲ್ಲೆಲ್ಲೋ ಒಂದು ಸಾಲಾಗಿರುತ್ತದೆ. ಮಳೆ, ಮುಷ್ಕರ, ಸಿಮೆಂಟಿನ ಅಭಾವ, ಅನುಮತಿಯ ವಿಳಂಬ ಎಂದು ಕಟ್ಟುವವರ ತಡಕ್ಕೆ ಎರಡು ಪುಟ ಕಾರಣಗಳು. ಮನೆಯೊಡತಿಯ ತಾತ್ಕಾಲಿಕ ವಾಸಕ್ಕೆ "ಸೂಕ್ತ ಬಾಡಿಗೆ ಕೊಡತಕ್ಕದ್ದು" ಎಂಬ ಮೂರು ಮಾತು. ಸೂಕ್ತವೆಂದರೆ ಎಷ್ಟು, ಎಷ್ಟು ತಿಂಗಳು, ಎರಡು ವರ್ಷದಲ್ಲಿ ಮುಗಿಯಬೇಕಾದುದು ನಾಲ್ಕು ವರ್ಷವಾದರೆ ಬಾಡಿಗೆ ಏರುತ್ತದೆಯೇ, ನಡುವೆ ಕಟ್ಟುವವರು ಕೈಯೆತ್ತಿದರೆ ಯಾವ ಬ್ಯಾಂಕಿನ ಖಾತರಿಯಿದೆ ಎಂಬುದನ್ನು ಅಂಕಿಗಳಲ್ಲಿ ಬರೆಸಬೇಕು. ಬಾಡಿಗೆ ಮನೆ ಅದೇ ಅಡ್ಡರಸ್ತೆಯ ಆಸುಪಾಸಿನಲ್ಲಿಯೇ ಇರಬೇಕೆಂದು ಬರೆಸುವುದೂ ಅಗತ್ಯ. ಹಾಲಿನವನು, ಔಷಧದಂಗಡಿ, ಪರಿಚಯದ ವೈದ್ಯರು, ಸಂಜೆ ಗುಡಿಯ ಕಟ್ಟೆಯ ಮೇಲೆ ಕೂರುವ ಗೆಳತಿಯರು, ಇವರನ್ನು ಬಿಟ್ಟು ಎಪ್ಪತ್ತೈದರ ವಯಸ್ಸಿನಲ್ಲಿ ಯಲಹಂಕದ ಹನ್ನೊಂದನೆಯ ಅಂತಸ್ತಿಗೆ ಹೋದವರು ಮೂರು ವರ್ಷದ ಮೇಲೆ ಹೊಸ ಮನೆಯ ಬೀಗದ ಕೈ ಪಡೆಯಲು ಬರುವಾಗ ಮೊದಲಿನಂತಿರುವುದಿಲ್ಲ. ಹೊಸ ಕಟ್ಟಡದ ನೆಲದ ಅಂತಸ್ತು ಕಾರುಗಳ ಪಾಲಾಗಿರುತ್ತದೆಯಾದುದರಿಂದ ತಾಯಿಗೆ ಮೊದಲ ಅಂತಸ್ತಿನ ಮನೆ, ವಿದ್ಯುತ್ತು ಹೋದಾಗಲೂ ನಡೆಯುವ ಲಿಫ್ಟು, ಮನೆಯ ಮುಂದೆ ತುಳಸಿ ಇಡುವಷ್ಟು ಜಾಗ ಇವನ್ನೂ ನಕ್ಷೆಯಲ್ಲಿ ತೋರಿಸಿಕೊಳ್ಳುವುದು ಮಕ್ಕಳ ಕೆಲಸ. ಹಿತ್ತಲಿನಲ್ಲಿ ಮಾವಿನ ಮರವಿದ್ದರೆ, ಮರ ಕಡಿಯಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯಂತೆ ವೃಕ್ಷಾಧಿಕಾರಿಯ ಅನುಮತಿ ಬೇಕು. ಆ ಅರ್ಜಿಗೆ ನಿವೇಶನದ ಒಡೆಯರಾಗಿ ಸಹಿ ಹಾಕಬೇಕಾದವರಲ್ಲಿ ತಾಯಿಯೂ ಒಬ್ಬರು.